ಮುದ್ರೆಯಿಲ್ಲದ ಬೆಳ್ಳಿ

ಓಣಿಯ ಕಿಟಕಿಗಳು ಇನ್ನೂ ತೆರೆದಿಲ್ಲ. ತಿತೀನಾ ಕಪುವೊತ್ಸೊ ಆಗಲೇ ಮೂಸೆಯ ಮುಂದೆ ಕೂತಿದ್ದಾರೆ. ಬೆಳ್ಳಿ ಕರಗಿ, ಮೇಲೆ ತೇಲುವ ಬಿಳಿಗಾರದ ಪೊರೆ ಸರಿದು, ಒಳಗಿನಿಂದ ಕನ್ನಡಿಯಂಥ ಹೊಳಪು ಇಣುಕುವ ತನಕ ಅವರು ಉಸಿರನ್ನೂ ಜೋರಾಗಿ ಬಿಡುವುದಿಲ್ಲ. ಇಣುಕಿತೋ, ಇಕ್ಕಳ ಎತ್ತಿ ಒಂದೇ ಧಾರೆಗೆ ಸುರಿದುಬಿಡುತ್ತಾರೆ. ಅಚ್ಚು ಎಂದರೆ ಬೊಂಡಾಸ್ ಎಂಬ ಕಡಲ ಮೀನಿನ ಬೆನ್ನೊಳಗಿನ ಮೆದು ಬಿಳಿ ಚಿಪ್ಪು, ಎರಡು ಹೋಳು ಮಾಡಿ ತಂತಿಯಿಂದ ಬಿಗಿದದ್ದು. ಬೆಳ್ಳಿ ಒಳಗಿಳಿದೊಡನೆ ಚಿಪ್ಪು ಸುಟ್ಟು, ಕೂದಲು ಕರಕಲಾದ ಹಾಗೆ ನಾತ ಏಳುತ್ತದೆ. ಆ ನಾತಕ್ಕಾಗಿಯೇ ಈ ಹೊತ್ತು. ಕಿಟಕಿಗಳು ತೆರೆದ ಮೇಲೆ ಎರಕ ಹೊಯ್ದರೆ ಮೂರನೇ ಮಹಡಿಯಿಂದ ಹಿಡಿದು ನೆಲಮಟ್ಟದ ಬೀದಿಮನೆಗಳವರೆಗೆ ಎಲ್ಲರ ಬಾಯಲ್ಲೂ ತಿತೀನಾ ಅವರ ಸತ್ತ ಹಿರಿಯರೆಲ್ಲ ಬೈಗುಳ ತಿನ್ನಬೇಕಾಗುತ್ತದೆ.

ಅಚ್ಚು ಬಿಚ್ಚಿದರೆ ಅಂಗೈಯಲ್ಲಿ ಬೆರಳುದ್ದದ ಒಂದು ನಾಗದಾಳಿ ಗಿಡದ ಕಡ್ಡಿ, ಬೆಳ್ಳಿಯದು. ಮೂರು ಕವಲು. ಒಂದರ ತುದಿಗೆ ಚಂದ್ರ, ಒಂದಕ್ಕೆ ಬೀಗದ ಕೈ, ಇನ್ನೊಂದಕ್ಕೆ ಬೆರಳ ಸಂದಿಯಿಂದ ಹೆಬ್ಬೆರಳು ಇಣುಕುವ ಮುಷ್ಟಿ. ನಡುವೆ ಎಲ್ಲೋ ಒಂದು ಮೀನು, ಒಂದು ಹಾವು. ಚಿಮರೂತಾ ಎನ್ನುತ್ತಾರೆ ಈ ತಾಯಿತಕ್ಕೆ. ನೇಪಲ್ಸಿನ ಸನಿತಾ ಕೇರಿಯಲ್ಲಿ ಹುಟ್ಟುವ ಕೂಸಿಗೆ ಎಷ್ಟೋ ಸಲ ಹೆಸರಿಗಿಂತ ಮೊದಲು ಸಿಗುವುದು ಇದೇ. ಅಂಗಿಯ ಒಳಮಗ್ಗುಲಿಗೆ ಚುಚ್ಚಿಬಿಟ್ಟರೆ ಯಾರ ಕಣ್ಣೂ ಒಳಗಿಳಿಯದು ಎಂದು ತಾಯಂದಿರ ನಂಬಿಕೆ. ತಿತೀನಾ ಅವರ ನಂಬಿಕೆಯೂ ಅದೇ. ಅದಕ್ಕೆ ನಗುವವರ ಮುಂದೆ ಅವರು ವಾದಕ್ಕೆ ಕೂರುವುದಿಲ್ಲ, ಕಡ್ಡಿಗೆ ಅರ ಹಾಕುತ್ತಾ ಇರುತ್ತಾರೆ.

ಒಂದು ಕಡ್ಡಿಗೆ ಒಂದು ಬೆಳಗು, ಒಂದು ಮಧ್ಯಾಹ್ನ. ಕೈ ಓಡಿದ ದಿನ ಎರಡು. ಹೊಗೆ ಕುಡಿದ ಎದೆ ಚಳಿಗಾಲದಲ್ಲಿ ಸಿಳ್ಳೆ ಹೊಡೆಯುತ್ತದೆ. ಬೆರಳ ತುದಿಗಳು ಎಷ್ಟು ಸತ್ತಿವೆಯೆಂದರೆ ಕುದಿಯುವ ಕಾಫಿಯ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಾರೆ. ಎಪ್ಪತ್ತು ದಾಟಿದ ಈ ಹೆಂಗಸಿಗೆ ಪಿಂಚಣಿಯಿಲ್ಲ. ಯಾಕೆಂದರೆ ಸರಕಾರದ ಲೆಕ್ಕದಲ್ಲಿ ಅವರು ಒಂದು ದಿನವೂ ಕೆಲಸ ಮಾಡಿಲ್ಲ.

ಹಾಗಾದರೆ ಸನಿತಾದ ಮಕ್ಕಳ ಎದೆಯ ಮೇಲಿನ ಬೆಳ್ಳಿ ಎಲ್ಲಿಂದ ಬಂತು? ಸರಕಾರ ಹೇಳುತ್ತದೆ: ಅದರ ಹಿಂಬದಿಯಲ್ಲಿ ಅಕ್ಕಿಕಾಳಿನಷ್ಟು ಮುದ್ರೆಯಿದೆಯಲ್ಲ, ಆ ಮುದ್ರೆಯ ಒಡೆಯನಿಂದ ಬಂತು. ಆ ಒಡೆಯ ಎಲ್ಪಿದಿಯೊ, ಓಣಿಯವರ ಬಾಯಲ್ಲಿ ಗೌರವದ ದೊನ್ ಎಲ್ಪಿದಿಯೊ, ದೊಡ್ಡ ಬೀದಿಯಲ್ಲಿ ಬೆಳ್ಳಿ ಅಂಗಡಿ ಇಟ್ಟವನು. ಅಂಗಡಿಯ ಗಾಜಿನಲ್ಲಿ ಅವನ ಆಳೆತ್ತರದ ಚಿತ್ರ: ಚರ್ಮದ ಏಪ್ರನ್, ಕೈಯಲ್ಲಿ ಸುತ್ತಿಗೆ, ದೂರ ನೋಡುವ ಕಣ್ಣು. ಆ ಕೈಗೆ ಮೂಸೆಯ ಬಿಸಿ ತಾಗಿದ್ದನ್ನು ಕಂಡವರು ಓಣಿಯಲ್ಲಿ ಒಬ್ಬರೂ ಇಲ್ಲ. ಮುದ್ರೆ ಪಡೆಯಲು ಅಂಗಡಿ ಬೇಕು, ನೋಂದಣಿ ಬೇಕು, ತೆರಿಗೆಯ ಚೀಟಿ ಬೇಕು. ಬೀದಿಗೆ ಬಾಗಿಲು ತೆರೆಯುವ ಒಂದೇ ಕೋಣೆಯಲ್ಲಿ ಮಂಚ, ಒಲೆ, ಮೂಸೆ ಮೂರನ್ನೂ ಇಟ್ಟುಕೊಂಡವರಿಗೆ ಅದು ದಕ್ಕುವುದಲ್ಲ. ಮಾಡುವವಳಿಗೆ ಹೆಸರಿಲ್ಲ, ಹೆಸರಿದ್ದವನಿಗೆ ಮಾಡಲು ಬರುವುದಿಲ್ಲ. ಈ ಏರ್ಪಾಡಿಗೆ ನಾಡಿನವರು ಇಟ್ಟ ಹೆಸರು ಪರಂಪರೆ.

"ನಮ್ಮಮ್ಮ ಎಲ್ಪಿದಿಯೊನ ಅಪ್ಪನಿಗೆ ಮಾಡಿಕೊಟ್ಲು, ನಾನು ಇವನಿಗೆ" ಎನ್ನುತ್ತಾರೆ ತಿತೀನಾ. "ಅಂಗಡಿಗೆ ಹೋದ್ರೆ ಹಿಂದಿನ ಬಾಗ್ಲಿಂದ ಬಾ ಅಂತಾನೆ. ನಾನು ಮಾಡಿದ್ದು ಮಾತ್ರ ಮುಂದಿನ ಬಾಗ್ಲಲ್ಲೇ ಹೋಗುತ್ತೆ, ಮಖಮಲ್ಲಿನ ಡಬ್ಬೀಲಿ ಕೂತ್ಕೊಂಡು."

ಇಷ್ಟನ್ನು ಅವರು ಸಹಿಸಿಕೊಂಡೇ ಬಂದಿದ್ದರು. ಸಹಿಸಲಾಗದ್ದು ನಡೆದದ್ದು ಹೋದ ವರ್ಷ.

ಅದು ಅರ್ಥವಾಗಬೇಕಾದರೆ ಓಣಿಯ ಒಂದು ನಡವಳಿಕೆ ಗೊತ್ತಿರಬೇಕು. ತಾಯಿತ ಮುರಿದರೆ ಯಾರೂ ಅದನ್ನು ರಿಪೇರಿಗೆ ತರುವುದಿಲ್ಲ. ಮುರಿಯಿತೆಂದರೆ ಅದು ತನ್ನ ಕೆಲಸ ಮುಗಿಸಿತು, ಕೂಸಿಗೆ ಬೀಳಬೇಕಿದ್ದ ಏಟನ್ನು ತಾನು ತಿಂದಿತು ಎಂದು ಅರ್ಥ. ಅದನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ನೋಡುವಂತಿಲ್ಲ. ಮುಟ್ಟಿದವರಿಗೆ ಆ ಕಣ್ಣು ಅಂಟಿಕೊಳ್ಳುತ್ತದೆ. ಮುಖ ತಿರುಗಿಸಿಕೊಂಡು ಬಟ್ಟೆಯಲ್ಲಿ ಉಪ್ಪಿನೊಂದಿಗೆ ಸುತ್ತಿ, ಸೂರ್ಯ ಮುಳುಗುವ ಮೊದಲು ಸಮುದ್ರಕ್ಕೆ ಬೆನ್ನು ಹಾಕಿ ನಿಂತು ಎಸೆದು ಬರಬೇಕು. ಆಮೇಲೆ ಹೊಸದು. ಜೊತೆಗೆ ಒಂದು ಪ್ರಶ್ನೆ: ಕಣ್ಣು ಹಾಕಿದವರು ಯಾರು?

ತಿತೀನಾ ಮಾಡಿದವು ಹಾಗೆಲ್ಲ ಮುರಿಯುತ್ತಿರಲಿಲ್ಲ. ಅದಕ್ಕೂ ಓಣಿಯ ಬಾಯಿ ಸುಮ್ಮನಿರುತ್ತಿರಲಿಲ್ಲ. ನಿಮ್ಮ ತಾಯಿತ ಬಲು ಸೋಮಾರಿ ದೊನ್ನಾ ತಿತೀನಾ, ನಮ್ಮಜ್ಜಿಯದು ಇನ್ನೂ ಹಾಗೇ ಇದೆ, ಒಂದೇಟೂ ತಿಂದಿಲ್ಲ ಎಂದು ಕಾಫಿ ಅಂಗಡಿಯವನು ರೇಗಿಸುತ್ತಿದ್ದ. ನಿನ್ನ ಮುಖ ನೋಡಿ ಹೊಟ್ಟೆಕಿಚ್ಚು ಪಡುವವರು ಯಾರು ಮಾರಾಯ ಎಂದು ಇವರು ಲೋಟ ಇಟ್ಟು ಎದ್ದುಬರುತ್ತಿದ್ದರು.

ಹೋದ ವರ್ಷ ಎಲ್ಲೋ ಯಾವುದೋ ಧಾರಾವಾಹಿಯ ಮಾಟಗಾತಿಯ ಕೊರಳಲ್ಲಿ ಚಿಮರೂತಾ ಕಾಣಿಸಿಕೊಂಡಿತಂತೆ. ಅಂದಿನಿಂದ ಹಡಗಿನಲ್ಲಿ ಬಂದಿಳಿಯುವ ಪ್ರವಾಸಿಗರಿಗೆಲ್ಲ ಅದೇ ಬೇಕು. ಎಲ್ಪಿದಿಯೊ ಎಲ್ಲಿಂದಲೋ ಮೂಟೆ ಮೂಟೆ ತರಿಸತೊಡಗಿದ. ಯಂತ್ರದಲ್ಲಿ ಹೊಯ್ದ ಅಗ್ಗದ ಲೋಹ, ಮೇಲೊಂದು ಕೈ ಬೆಳ್ಳಿ ನೀರು. ಅಂಚಿನಲ್ಲಿ ಅಚ್ಚಿನ ಗೆರೆ ಎದ್ದು ಕಾಣುತ್ತಿತ್ತು. ಅದನ್ನು ಉಜ್ಜಿ ಸಪಾಟು ಮಾಡಿಕೊಡಿ ಎಂದು ಮೂಟೆಯನ್ನು ತಿತೀನಾ ಅವರ ಬಾಗಿಲಿಗೆ ಕಳಿಸಿದ. ಇವು ಸಂಜೆ ಹಡಗು ಹತ್ತಿ ಹೋಗುವವರಿಗೆ, ನಮ್ಮವರಿಗಲ್ಲ ಎಂದು ಹೇಳಿಕಳಿಸಿದ್ದ.

ಅರ ತಾಗಿಸಿದಾಗಲೇ ಅವರಿಗೆ ಗೊತ್ತಾಗಿತ್ತು. ಬೆಳ್ಳಿ ಅರಕ್ಕೆ ಮೆತ್ತಗೆ ಸಿಗುತ್ತದೆ. ಇದು ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಕರಕರ ಎಂದಿತು. ಆದರೂ ಉಜ್ಜಿದರು. ಹೊರಗಿನವರಿಗೆ ತಾನೆ ಎಂದುಕೊಂಡರು.

ವಸಂತ ಬರುವಷ್ಟರಲ್ಲಿ ಓಣಿಯಲ್ಲಿ ತಾಯಿತಗಳು ಮುರಿಯತೊಡಗಿದವು. ಮೊದಲು ಹಣ್ಣಿನ ಗಾಡಿಯವನ ಮಗುವಿನದು. ಆಮೇಲೆ ಅವಳಿಗಳ ಮನೆಯಲ್ಲಿ, ಒಂದೇ ವಾರದಲ್ಲಿ ಎರಡೂ. ತಾಯಂದಿರು ಅಳುತ್ತಾ ಸಮುದ್ರಕ್ಕೆ ಓಡಿದರು, ಅಳುತ್ತಾ ಎಲ್ಪಿದಿಯೊನ ಅಂಗಡಿಗೆ ಹೋಗಿ ಅವನ ಕೈಗೆ ಮುತ್ತಿಟ್ಟರು. ನಿಮ್ಮ ಅಂಗಡಿಯದಾಗಿದ್ದಕ್ಕೆ ಕೂಸು ಬದುಕಿತು ದೊನ್ ಎಲ್ಪಿದಿಯೊ ಎಂದರು. ಅವನು ಎದೆಯ ಮೇಲೆ ಕೈಯಿಟ್ಟು, ಎಲ್ಲ ದೊನ್ನಾ ತಿತೀನಾ ಅವರ ಕೈಗುಣ ಎಂದನಂತೆ. ಅಷ್ಟು ವರ್ಷ ಬಾಯಿಗೆ ಬಾರದಿದ್ದ ಹೆಸರು ಅಂದು ಬಂತು. ಕೊಟ್ಟದ್ದು ಮಾತ್ರ ಮತ್ತೆ ಅದೇ ಮೂಟೆಯಿಂದ. ಕಳಪೆ ಮಾಲು ಮುರಿದಷ್ಟೂ ಅಂಗಡಿಯ ಮಹಿಮೆ ಹೆಚ್ಚಿತು. ಇಂಥ ವ್ಯಾಪಾರ ಭೂಮಿಯ ಮೇಲೆ ಇನ್ನೆಲ್ಲಿದೆ?

ಅವನಿಗೆ ಲಾಭ ಬಂತು. ನಷ್ಟ ಯಾರ ಮೇಲೆ ಬಿತ್ತು ಎಂದು ಕೇಳಿದರೆ ಓಣಿಯ ತುದಿಮನೆಯ ಎರ್ಸಿಲಿಯಾ ಅವರನ್ನು ತೋರಿಸಬೇಕು. ಎರ್ಸಿಲಿಯಾ ಚರ್ಮದ ಕೈಗವಸು ಹೊಲಿಯುವವರು, ಮದುವೆಯಾಗದವರು. ಹುಟ್ಟಿನಿಂದ ಒಂದು ಕಣ್ಣು ತಿಳಿನೀಲಿ, ಇನ್ನೊಂದು ಕಂದು. ತಾಯಂದಿರು ಕೆಲಸಕ್ಕೆ ಹೋದಾಗ ಓಣಿಯ ಅರ್ಧ ಮಕ್ಕಳು ಅವರ ಮಂಚದ ಮೇಲೆ ಮಲಗುತ್ತಿದ್ದವು, ಅವರು ಕಲೆಸಿದ ಬೀನ್ಸು ಪಾಸ್ತಾ ತಿಂದು ಬೆಳೆದವು. ಇಷ್ಟು ವರ್ಷ ಆ ಕಣ್ಣು ಯಾರಿಗೂ ಕೆಟ್ಟ ಕಣ್ಣಾಗಿ ಕಂಡಿರಲಿಲ್ಲ. ಈಗ ಕಂಡಿತು. ಅವರು ಬಂದರೆ ದೃಷ್ಟಿ ತಾಗದಿರಲೆಂದು ಹೆಂಗಸರು ಶಾಲಿನಡಿ ಎರಡು ಬೆರಳು ಕೊಂಬಿನಂತೆ ಚಾಚಿದರು. ಗಂಡಸರು ಜೇಬಿಗೆ ಕೈ ಇಳಿಸಿ ತಮ್ಮ ತಮ್ಮ ಗಂಡಸುತನ ಮುಟ್ಟಿ ನೋಡಿಕೊಂಡರು. ತರಕಾರಿಗೆಂದು ಮಹಡಿಯಿಂದ ಇಳಿಬಿಟ್ಟ ಬುಟ್ಟಿಗಳು ಅವರು ಹಾದುಹೋಗುವಾಗ ಸರ್ರನೆ ಮೇಲೇರಿದವು. ಮಕ್ಕಳು ಬರುವುದು ನಿಂತಿತು. ಒಂದು ದಿನ ಎರ್ಸಿಲಿಯಾ ಕುರ್ಚಿಯನ್ನು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡರು. ಬೀದಿಮನೆಗಳ ಓಣಿಯಲ್ಲಿ ಹಗಲು ಬಾಗಿಲು ಹಾಕುವುದು ಸಾವಾದಾಗ ಮಾತ್ರ.

ತಿತೀನಾ ಅವರ ನಿದ್ದೆ ಹಾರಿಹೋಗಿತ್ತು. ತನ್ನ ಕೈಯದು ಹೀಗೆ ಮುರಿಯುವುದುಂಟೆ? ಮುರಿದಿದೆಯೆಂದರೆ ಆ ಕಣ್ಣು ಎಂಥದಿರಬೇಕು? ಚಿಕ್ಕಂದಿನಿಂದ ಜೊತೆಗಿದ್ದ ಗೆಳತಿಯ ಬಾಗಿಲಿನ ಮುಂದೆ ಹಾಯುವಾಗ ಅವರೂ ನೆಲ ನೋಡಿಕೊಂಡು ನಡೆದರು. ಅದನ್ನು ಈಗ ಹೇಳುವಾಗ ಅರವನ್ನು ಕೆಳಗಿಡುತ್ತಾರೆ.

ಮೇ ತಿಂಗಳ ಒಂದು ಮಧ್ಯಾಹ್ನ ಲುಯಿಸೆಲ್ಲಾ ಓಡುತ್ತಾ ಬಂದಳು. ಮೀನಿನ ಅಂಗಡಿಯಲ್ಲಿ ಮಂಜುಗಡ್ಡೆ ಒಡೆಯುವ ಹುಡುಗಿ, ಚೊಚ್ಚಲ ಬಾಣಂತಿ. ಕಂಕುಳಲ್ಲಿ ಕೂಸು ಮಿಕೇಲಿನಾ, ಕೈಯಲ್ಲಿ ಉಪ್ಪು ಸೋರುವ ಬಟ್ಟೆಯ ಗಂಟು. ಸಮುದ್ರಕ್ಕೆ ಹೊರಟವಳು ದಾರಿಯಲ್ಲಿ ನಿಂತು, ಇನ್ನೊಂದು ಮಾಡಿಕೊಡು ಚಿಕ್ಕಮ್ಮ, ಇದೂ ನಿನ್ನ ಕೈಯದೇ ಅಂತ ಮೊನ್ನೆ ಕೊಡುವಾಗ ದೊನ್ ಎಲ್ಪಿದಿಯೊ ಆಣೆ ಮಾಡಿ ಹೇಳಿದ ಎಂದು ಬಿಕ್ಕಿದಳು. ಆ ತಿಂಗಳು ಈ ಓಣಿಯವರಿಗೆಂದು ತಾನು ಒಂದನ್ನೂ ಮಾಡಿಲ್ಲವೆಂಬುದು ತಿತೀನಾ ಅವರಿಗೆ ಥಟ್ಟನೆ ಹೊಳೆಯಿತು.

"ತೋರಿಸು" ಎಂದರು.

"ಹೆಂಗೆ ತೋರಿಸ್ಲಿ ಚಿಕ್ಕಮ್ಮ? ಏಟು ತಿಂದಿದೆ ಅದು."

"ತೋರಿಸು ಅಂದೆ."

ಅವಳು ಕೊಡಲಿಲ್ಲ. ತಿತೀನಾ ತಾವೇ ಗಂಟನ್ನು ಕಿತ್ತುಕೊಂಡು, ಉಪ್ಪು ಕೊಡವಿ, ಮುರಿದ ತುಂಡನ್ನು ಬರಿಗೈಯಲ್ಲಿ ಎತ್ತಿಕೊಂಡರು. ಎದುರು ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದವರ ಕೈ ನಿಂತಿತು. ಕಾಫಿ ಅಂಗಡಿಯವನು ಬಾಗಿಲಿಗೆ ಬಂದ. ಈ ಓಣಿಯಲ್ಲಿ ಹುಟ್ಟಿ ಬೆಳೆದ ಯಾರೂ ಹಾಗೆ ಮಾಡಿದ್ದಿಲ್ಲ. ತಿತೀನಾ ಅವರಿಗೂ ಭಯವಿತ್ತು. ಅದನ್ನು ಅವರು ಅಲ್ಲಗಳೆಯುವುದಿಲ್ಲ.

ಮುರಿದ ಬಾಯಿ ಬೂದು ಬಣ್ಣ, ಹರಳು ಹರಳು, ಹಳೆಯದಾದ ಸಕ್ಕರೆ ಅಚ್ಚಿನ ಹಾಗೆ. ಒಳಗೆಲ್ಲೂ ಬೆಳ್ಳಿಯ ಸುಳಿವಿಲ್ಲ. ಉಳಿದಿದ್ದ ಇನ್ನೊಂದು ಕವಲನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದರು. ಅದು ಬಿಸ್ಕತ್ತಿನ ಹಾಗೆ ಲಟಕ್ಕೆಂದಿತು. ಆಮೇಲೆ ಅಂಗಿಯೊಳಗೆ ಕೈ ಹಾಕಿ, ತಮ್ಮ ಕೊರಳಲ್ಲಿದ್ದ ತಾಯಿಯ ಕಾಲದ ತಾಯಿತ ತೆಗೆದು, ಅದರ ಕವಲಿಗೆ ಇಕ್ಕಳ ಹಾಕಿ ಮಡಿಸಿದರು. ಅದು ಮಣಿಯಿತು. ವಾಪಸ್ ನೆಟ್ಟಗೆ ಮಾಡಿದರು. ಮಣಿಯಿತು. ಮುರಿಯಲಿಲ್ಲ.

"ಬೆಳ್ಳಿ ಬಗ್ಗುತ್ತೆ, ಹಿಂಗೆ ಮುರಿಯಲ್ಲ" ಎಂದು ಮಹಡಿಗಳಿಗೆಲ್ಲ ಕೇಳುವಂತೆ ಹೇಳಿದರು. "ಇದನ್ನ ಮುರಿದಿದ್ದು ಯಾರ ಕಣ್ಣೂ ಅಲ್ಲ. ಹುಟ್ಟುವಾಗ್ಲೇ ಮುರಿದಿತ್ತು ಇದು. ಉಜ್ಜಿ ಹೊಳಪು ಮಾಡಿದ್ದು ನಾನೇ, ನನಗೆ ಉಗೀರಿ. ಎರ್ಸಿಲಿಯಾಗೆ ಯಾಕೆ ಉಗಿದ್ರಿ?"

ತುದಿಮನೆಯ ಬಾಗಿಲು ತೆರೆಯಲಿಲ್ಲ.

ಮಾರನೆಯ ದಿನ ಎಲ್ಪಿದಿಯೊ ಬಂದ. ಹಿಂದಿನ ಬಾಗಿಲಿಂದ ಕರೆಸಿಕೊಳ್ಳುತ್ತಿದ್ದವನು ಮೊದಲ ಸಲ ಇವರ ಮುಂಬಾಗಿಲಿಗೆ ಬಂದು ನಿಂತ. ಮೊದಲು ನಯವಾಗಿ ಮಾತಾಡಿದ, ಆಮೇಲೆ ದನಿ ಏರಿತು.

"ಮುರಿದ್ರೆ ನಿಮಗೇನು ಸಂಕಟ? ಜನ ಖುಷಿಯಾಗಿದ್ರಲ್ಲ. ಕೂಸು ಬದುಕ್ತು ಅಂತ ನೆಮ್ಮದಿಯಾಗಿದ್ರಲ್ಲ. ನಂಬೋರ ಬಾಯಿಗೆ ಮಣ್ಣು ಹಾಕಿದ್ರಿ."

"ಎರ್ಸಿಲಿಯಾಗೆ ಯಾವ ನೆಮ್ಮದಿ ಮಾರಿದೆ ನೀನು?"

ಅವನು ಗೋಡೆಗೆ ತೂಗುಹಾಕಿದ್ದ ಹಿತ್ತಾಳೆಯ ಮಾದರಿಗಳನ್ನು ಒಂದೊಂದಾಗಿ ಇಳಿಸಿ ಚೀಲಕ್ಕೆ ತುಂಬಿಕೊಂಡ. ಚಿಪ್ಪಿನಲ್ಲಿ ಒತ್ತಿ ಅಚ್ಚು ತೆಗೆಯುವುದು ಅವುಗಳಿಂದಲೇ. ಅವನ್ನು ಕೊರೆದದ್ದು ತಿತೀನಾ ಅವರ ತಾಯಿ. ಆದರೆ ಹಿತ್ತಾಳೆ ಅಂಗಡಿಯದಂತೆ, ಆದ್ದರಿಂದ ಕೊರೆತವೂ ಅಂಗಡಿಯದೇ ಅಂತೆ. ಹೊರಡುವಾಗ ಹೊಸ್ತಿಲಲ್ಲಿ ನಿಂತು, ಇನ್ನು ಮುಂದೆ ಮುದ್ರೆಯಿಲ್ಲದ ಬೆಳ್ಳಿ ಒಂದು ಮಾರಿದರೂ ಪೊಲೀಸರನ್ನು ಕರೆಸುತ್ತೇನೆ ಎಂದ.

ಅವನ ಮಾತು ಕಾನೂನಿನ ಪ್ರಕಾರ ಸರಿ. ಕೋಪ ಬರುವುದು ಅದಕ್ಕೇ. ಮುದ್ರೆಯೊತ್ತಿ ತಗಡು ಮಾರಿದವನು ಇವತ್ತಿಗೂ ಪ್ರತಿಷ್ಠಿತ. ಅವನ ಮೇಲೆ ದೂರು ಕೊಡೋಣವೆಂದರೆ ಸಾಕ್ಷಿ, ಲುಯಿಸೆಲ್ಲಾಳ ಆ ಒಂದು ತುಂಡು ಬಿಟ್ಟರೆ, ಎಲ್ಲ ಉಪ್ಪಿನೊಂದಿಗೆ ಸಮುದ್ರದ ತಳದಲ್ಲಿದೆ. ಎಸೆದವರು ಆ ತಾಯಂದಿರೇ, ತಮ್ಮ ಕೈಯಾರೆ, ಮುಖ ತಿರುಗಿಸಿಕೊಂಡು. ಅವರ ಭಯ ಎಷ್ಟು ಆಳವೆಂದು ಅವನಿಗೆ ಗೊತ್ತಿತ್ತು, ಅಳೆದೇ ಈ ವ್ಯಾಪಾರಕ್ಕಿಳಿದಿದ್ದ. ಬಡವರ ನಂಬಿಕೆಯನ್ನು ಮೂಢವೆಂದು ನಗುವವರು ಬೇಕಾದಷ್ಟಿದ್ದಾರೆ. ಆ ನಂಬಿಕೆಯನ್ನು ಗೋಣಿಯಲ್ಲಿ ತರಿಸಿ ತೂಗಿ ಮಾರುವವರನ್ನು ನೋಡಿ ಅವರ್ಯಾಕೆ ನಗುವುದಿಲ್ಲ?

ತಿತೀನಾ ಈಗ ಮಾರುವುದಿಲ್ಲ. ತಾಯಿತವನ್ನು ತನಗೆ ತಾನೇ ಕೊಂಡುಕೊಳ್ಳಬಾರದು, ಬೇರೆಯವರು ಕೊಡಬೇಕು ಎಂಬ ರೂಢಿ ಮೊದಲಿಂದಲೂ ಇದ್ದೇ ಇದೆ. ಅದನ್ನೇ ಹಿಡಿದು, ನಾನು ಕೊಡುತ್ತೇನೆ ಎನ್ನುತ್ತಾರೆ. ಜನ ಬೆಳ್ಳಿಯನ್ನು ತಾವೇ ತರುತ್ತಾರೆ: ಅಜ್ಜಿಯ ಚಮಚ, ಒಂಟಿಯಾದ ಓಲೆ, ತುಂಡಾದ ಸರ. ಮಾದರಿಗಳಿಲ್ಲದ್ದರಿಂದ ಚಿಪ್ಪಿನ ಮೇಲೆ ಚಾಕುವಿನಿಂದ ನೇರ ಕೊರೆಯುತ್ತಾರೆ. ಒಂದರಂತೆ ಇನ್ನೊಂದಿಲ್ಲ. ಬದಲಿಗೆ ಯಾರೋ ಬೀನ್ಸು ಕಾಳು ಇಟ್ಟುಹೋಗುತ್ತಾರೆ, ಯಾರೋ ಕರಿದ ಪಿಜ್ಜಾ. ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದರೆ, ಅರ್ಧ ತುಂಬುತ್ತದೆ ಎನ್ನುತ್ತಾರೆ. ಮನೆ ಬಾಡಿಗೆಯ ಮಾತು ಬಂದರೆ ಎದ್ದು ಒಲೆಯ ಕಡೆ ಹೋಗುತ್ತಾರೆ.

ಆದರೆ ಎರ್ಸಿಲಿಯಾ ಅವರ ಮೇಲೆ ಬಿದ್ದ ಮಾತು ಅಷ್ಟು ಸುಲಭಕ್ಕೆ ಏಳಲಿಲ್ಲ. ಲೋಹ ಕೆಟ್ಟದ್ದೇ ಇರಬಹುದು, ಆದರೂ ಆ ನೀಲಿ ಕಣ್ಣು ನೋಡಿದ್ದೀಯಾ ಎನ್ನುವವರು ಉಳಿದೇ ಇದ್ದರು. ಬೆರಳು ಚಾಚುವುದು ನಿಂತಿತು, ಮಕ್ಕಳನ್ನು ಕಳಿಸುವುದು ಶುರುವಾಗಲಿಲ್ಲ. ಇದು ತಿತೀನಾ ಅವರನ್ನು ಮೂಸೆಯ ಹೊಗೆಗಿಂತ ಹೆಚ್ಚು ಕಾಡಿತು. ಹಾಗಾಗಿ ಮಿಕೇಲಿನಾಳಿಗೆ ಹೊಸ ತಾಯಿತ ಮಾಡಿಕೊಡಿ ಎಂದು ಲುಯಿಸೆಲ್ಲಾ ಅಜ್ಜಿಯ ಕಾಫಿ ಚಮಚ ತಂದಾಗ ಅವರು ಒಂದು ಷರತ್ತು ಹಾಕಿದರು. ಮಾಡುವುದು ನಾನು, ಚುಚ್ಚುವುದು ಎರ್ಸಿಲಿಯಾ. ಕೂಸಿಗೆ ತಾಯಿತ ಚುಚ್ಚುವವರು ಅದರ ಒಳಿತು ಬಯಸುವವರಾಗಿರಬೇಕು ಎಂಬುದು ರೂಢಿ. ಆ ಕೈಯನ್ನು ಆರಿಸುವುದೆಂದರೆ ಓಣಿಯ ಮುಂದೆ ಆಣೆ ಹಾಕಿದ ಹಾಗೆ. ಲುಯಿಸೆಲ್ಲಾ ಚಮಚ ಹಿಡಿದುಕೊಂಡು ವಾಪಸ್ ಹೋದಳು. ವಾರ ಕಳೆದು ಮತ್ತೆ ಬಂದಳು.

ಇವತ್ತು ಭಾನುವಾರ, ಚರ್ಚಿನ ಪೂಜೆಯ ಗಂಟೆ ಮುಗಿದಿದೆ. ತುದಿಮನೆಯ ಮುಂದೆ ತಿತೀನಾ ನಿಂತಿದ್ದಾರೆ, ಪಕ್ಕದಲ್ಲಿ ಕೂಸನ್ನೆತ್ತಿಕೊಂಡು ಲುಯಿಸೆಲ್ಲಾ. ಮಹಡಿಗಳ ತುಂಬ ಜನ, ಎಲ್ಲರೂ ಬಟ್ಟೆ ಮಡಿಸುವ ನೆಪ ಮಾಡುತ್ತಿದ್ದಾರೆ. ಬಾಗಿಲು ಅರ್ಧ ತೆರೆಯುತ್ತದೆ. ಎರ್ಸಿಲಿಯಾ ಹೊರಗೆ ಬರುವುದಿಲ್ಲ.

"ಈಗ ನನ್ನ ಕಣ್ಣು ಬೇಕಾಯ್ತಾ ನಿಮಗೆ?"

ತಿತೀನಾ ತಾಯಿತವನ್ನು ಮುಂದೆ ಹಿಡಿಯುತ್ತಾರೆ. ಎರ್ಸಿಲಿಯಾ ಅದನ್ನು ಮುಟ್ಟುವುದಿಲ್ಲ.

"ನೀನಲ್ಲ ತಿತೀ. ನಿನ್ನ ಜೊತೆ ಆಮೇಲೆ ಜಗಳ ಆಡ್ತೀನಿ. ಅವಳು ಕೇಳ್ಲಿ."

ಲುಯಿಸೆಲ್ಲಾಳ ಮುಖ ಕೆಂಪಾಗುತ್ತದೆ. ಚಿಕ್ಕವಳಿದ್ದಾಗ ಇದೇ ಮನೆಯ ಮಂಚದ ಮೇಲೆ ಮಲಗಿದವಳು ಅವಳೂ. ಮಹಡಿಗಳಿಗೆ ಕೇಳಿಸುವಷ್ಟೇ ದನಿಯಲ್ಲಿ ಹೇಳುತ್ತಾಳೆ.

"ತಪ್ಪಾಯ್ತು ಎರ್ಸಿಲಿಯಾ ಚಿಕ್ಕಮ್ಮ. ಚುಚ್ಚಿಕೊಡು. ನಾಳೆಯಿಂದ ನಾನು ಕೆಲಸಕ್ಕೆ ಹೋಗ್ಬೇಕು, ಇವಳನ್ನ ನಿನ್ನ ಹತ್ರಾನೇ ಬಿಡ್ತೀನಿ."

ಎರ್ಸಿಲಿಯಾ ಒಳಗೆ ಹೋಗುತ್ತಾರೆ. ಹೋದರೇ ಎಂದುಕೊಳ್ಳುವಷ್ಟರಲ್ಲಿ ಕನ್ನಡಕ ಹಾಕಿಕೊಂಡು, ಒಂದು ಕೈಯಲ್ಲಿ ಕುರ್ಚಿ ಎಳೆದುಕೊಂಡು ಬರುತ್ತಾರೆ. ಬಾಗಿಲು ಪೂರ್ತಿ ತೆರೆದುಕೊಳ್ಳುತ್ತದೆ. ಬೀದಿಯಲ್ಲೇ ಕೂತು ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಕೈಗವಸು ಹೊಲಿದು ಪಳಗಿದ ಬೆರಳಲ್ಲಿ ಅಂಗಿಯ ಒಳಮಗ್ಗುಲಿಗೆ ಪಿನ್ನು ಹಾಯಿಸುತ್ತಾರೆ. ಚರ್ಮಕ್ಕೆ ತಾಗದಂತೆ, ಎರಡು ಸಲ ಪರೀಕ್ಷಿಸಿ. ಮಿಕೇಲಿನಾ ಅವರ ಕನ್ನಡಕ ಕೀಳಲು ನೋಡುತ್ತಾಳೆ. ಮೇಲೆ ಯಾರೋ ಮೂಗು ಒರೆಸಿಕೊಳ್ಳುವ ಸದ್ದು. ಕಾಫಿ ಅಂಗಡಿಯವನು ಯಾರೂ ಹೇಳದಿದ್ದರೂ ಮೂರು ಲೋಟ ತಂದು ಹೊಸ್ತಿಲ ಮೇಲಿಡುತ್ತಾನೆ.

ನಿಮಗೊಂದು ಸ್ವಂತ ಮುದ್ರೆ ಬೇಕು ಅನಿಸುವುದಿಲ್ಲವೇ ಎಂದು ಕೇಳಿದರೆ ತಿತೀನಾ ಕಾಫಿ ಕುಡಿದು ಮುಗಿಸುತ್ತಾರೆ. ಆಮೇಲೆ ಕೊಡುವ ಉತ್ತರ ಕೇಳಿದವರಿಗಲ್ಲ, ಕೂಸನ್ನು ಎತ್ತಿಕೊಳ್ಳುತ್ತಿರುವ ಲುಯಿಸೆಲ್ಲಾಳಿಗೆ.

"ಯಾವತ್ತಾದ್ರೂ ಮುರಿದ್ರೆ ಸಮುದ್ರಕ್ಕೆ ಓಡ್ಬೇಡ ಮಗಾ. ಮೊದ್ಲು ನನ್ನ ಹತ್ರ ತಾ. ಯಾರ ಕಣ್ಣು ಅಂತ ಆಮೇಲೆ ಹುಡುಕೋಣ. ಯಾರ ಕೈಯ ಕೆಲಸ ಅಂತ ನಾನು ನೋಡಿ ಹೇಳ್ತೀನಿ."